ಹೊಲದವರ ಗೊಬ್ಬರ, ಊರವರ ನೀರಿನ ಬಿಲ್ಲು

"ಅಮೆರಿಕದಲ್ಲಿ ನಲ್ಲಿ ನೀರನ್ನ ಸೀದಾ ಕುಡೀಬಹುದಂತೆ, ಹೌದಾ?" ಊರಿಗೆ ಫೋನ್ ಮಾಡಿದಾಗ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ಹೌದು, ಕುಡಿಯಬಹುದು. ನಾವೂ ಕುಡಿಯುತ್ತೇವೆ. ಆದರೆ ನಾನಿರುವ ಅಯೋವಾ ರಾಜ್ಯದ ಡಿಮಾಯ್ನ್‌ನಲ್ಲಿ ಆ ನೀರು ಕುಡಿಯುವ ಹಾಗೆ ಇರಬೇಕಾದರೆ ಅದರ ಹಿಂದೆ ಎಷ್ಟು ಹೆಣಗಾಟ, ಎಷ್ಟು ಖರ್ಚು, ಎಷ್ಟು ರಾಜಕೀಯ ಇದೆ ಅಂತ ಬರೆಯಬೇಕು ಅಂದುಕೊಂಡು ತುಂಬಾ ದಿನ ಆಯ್ತು. ಉದ್ದ ಇದೆ, ಪುರುಸೊತ್ತು ಇದ್ದಾಗ ಓದಿ.

2025ರ ಜೂನ್ 12ಕ್ಕೆ ಇಲ್ಲಿ ಲಾನ್‌ಗೆ ನೀರು ಹಾಯಿಸುವುದನ್ನು ಪೂರ್ತಿ ನಿಲ್ಲಿಸಿ ಅಂತ ಆದೇಶ ಬಂತು. ಬರಗಾಲ ಅಂತಲ್ಲ. ನದಿಯಲ್ಲಿ ನೀರು ಬೇಕಾದಷ್ಟಿತ್ತು. ಆ ನೀರಿನಲ್ಲಿ ನೈಟ್ರೇಟ್ ಎಷ್ಟಿತ್ತು ಅಂದರೆ ಅದನ್ನು ತೆಗೆಯುವ ಯಂತ್ರಗಳು ಹಗಲೂ ರಾತ್ರಿ ಓಡಿದರೂ ಊರಿಗೆ ಬೇಕಾದಷ್ಟು ಒಳ್ಳೆ ನೀರು ತಯಾರಾಗುತ್ತಿರಲಿಲ್ಲ. ಡಿಮಾಯ್ನ್ ಮತ್ತು ಸುತ್ತಲ ಊರುಗಳು ಸೇರಿ ಸುಮಾರು 6 ಲಕ್ಷ ಜನ ಒಂದೂವರೆ ತಿಂಗಳ ಹತ್ತಿರ ಹಾಗೇ ಇದ್ದೆವು. ನೈಟ್ರೇಟ್ ಕಾರಣಕ್ಕೆ ಇಲ್ಲಿ ಇಂಥ ನಿಷೇಧ ಬಂದದ್ದು ಅದೇ ಮೊದಲು. ನಮ್ಮ ಬೀದಿಯಲ್ಲಿ ಹುಲ್ಲು ಒಣಗಿತು ಅಂತ ಗೊಣಗಿದವರೇ ಜಾಸ್ತಿ. ನೀರಿನೊಳಗೆ ಅದೆಲ್ಲಿಂದ ಬಂತು ಅಂತ ಕೇಳಿದವರು ಕಡಿಮೆ.

ಎಲ್ಲಿಂದ ಬಂತು ಅನ್ನೋದರಲ್ಲಿ ಗುಟ್ಟೇನಿಲ್ಲ. ಅಯೋವಾದಲ್ಲಿ ಜನ ಸುಮಾರು 32 ಲಕ್ಷ. ಹಂದಿಗಳು 2 ಕೋಟಿಗಿಂತ ಜಾಸ್ತಿ. ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳ, ಇಲ್ಲದಿದ್ದರೆ ಸೋಯಾ. ಜೋಳಕ್ಕೆ ನೈಟ್ರೋಜನ್ ಗೊಬ್ಬರ ಬೇಕು, ಜೊತೆಗೆ ಆ ಹಂದಿ ಗೊಬ್ಬರವನ್ನೂ ಎಲ್ಲಾದರೂ ಹಾಕಲೇಬೇಕು. ಬೆಳೆ ಹೀರಿಕೊಂಡು ಉಳಿದದ್ದು ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಅದು ಮಣ್ಣಿಗೆ ಅಂಟಿಕೊಳ್ಳುವುದಿಲ್ಲ. ನೀರು ಸಿಕ್ಕರೆ ಕರಗಿ ಅದರ ಜೊತೆ ಹೊರಟುಬಿಡುತ್ತದೆ.

ಹೊರಡಲು ದಾರಿಯನ್ನೂ ಮಾಡಿಕೊಟ್ಟಿದ್ದಾರೆ. ಈ ಸೀಮೆಯ ಉತ್ತರ ಭಾಗ ಒಂದು ಕಾಲಕ್ಕೆ ಜೌಗು ನೆಲ. 19ನೇ ಶತಮಾನದ ಕೊನೆಯಿಂದಲೇ ಅದನ್ನು ಬಸಿದು ಹೊಲ ಮಾಡಿದರು. ನಮ್ಮ ಮಂಡ್ಯ ಕಡೆ ನಾಲೆ ಬಯಲಿನಲ್ಲಿ ಬಸಿಗಾಲುವೆ ತೋಡುತ್ತಾರಲ್ಲ, ಇಲ್ಲಿ ಅದನ್ನೇ ನೆಲದೊಳಗೆ ಮೂರು ನಾಲ್ಕು ಅಡಿ ಆಳದಲ್ಲಿ ಮಾಡಿದ್ದಾರೆ. ಮೊದಲು ಮಣ್ಣಿನ ಕೊಳವೆ ಹೂಳುತ್ತಿದ್ದರು, ಈಗ ತೂತು ಕೊರೆದ ಪ್ಲಾಸ್ಟಿಕ್ ಪೈಪು. ವಸಂತದಲ್ಲಿ ಜೋರು ಮಳೆ ಬಂದ ಮಾರನೇ ದಿನ ಹಳ್ಳಿ ರಸ್ತೆಯಲ್ಲಿ ಹೋದರೆ ಹೊಲದ ಅಂಚಿನ ಹಳ್ಳಕ್ಕೆ ಈ ಪೈಪುಗಳು ಸುರಿಯುತ್ತಿರುವುದು ಕಾಣುತ್ತದೆ. ನೀರು ಎಷ್ಟು ತಿಳಿ ಅಂದರೆ ಬೊಗಸೆ ಒಡ್ಡಿ ಕುಡಿಯೋಣ ಅನ್ನಿಸಬೇಕು. ಮಣ್ಣಿಲ್ಲ, ಕಸವಿಲ್ಲ, ವಾಸನೆಯಿಲ್ಲ. ನೈಟ್ರೇಟ್ ಇರುವುದು ಅದರಲ್ಲೇ. ಹಳ್ಳ ಹೊಳೆಗೆ, ಹೊಳೆ ರಕೂನ್ ನದಿಗೆ, ರಕೂನ್ ನದಿ ನಮ್ಮ ಊರಿನ ನೀರಿನ ಘಟಕಕ್ಕೆ.

ಈ ನೀರನ್ನು ಮನೆಯಲ್ಲಿ ಕಾಯಿಸಿ ಕುಡಿದರೆ ಸರಿಹೋಗುತ್ತಾ? ಊರಿಂದ ಬಂದಿದ್ದ ನಮ್ಮತ್ತೆ ಆ ಸುದ್ದಿ ಕೇಳಿದ ದಿನವೇ ದೊಡ್ಡ ಪಾತ್ರೆ ಒಲೆ ಮೇಲಿಟ್ಟರು. "ಅತ್ತೆ, ಕಾಯಿಸಿದರೆ ಇದು ಹೋಗಲ್ಲ. ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಇನ್ನೂ ಗಟ್ಟಿಯಾಗುತ್ತೆ" ಅಂದೆ. "ಹಂಗಾರೆ ಕ್ರಿಮಿ ಅಲ್ವೇನವ್ವ ಅದು?" ಅಂದರು. ಕ್ರಿಮಿ ಅಲ್ಲ, ಉಪ್ಪಿನ ಥರ ಕರಗಿರುವ ವಸ್ತು. ಕ್ಲೋರಿನ್ ಹಾಕಿದರೂ ಹೋಗಲ್ಲ, ಮರಳಿನಲ್ಲಿ ಸೋಸಿದರೂ ಹೋಗಲ್ಲ. ಅತ್ತೆ ಒಲೆ ಆರಿಸಿದರು, ಆದರೆ ಮುಖ ನೋಡಿದರೆ ಪೂರ್ತಿ ನಂಬಿಕೆ ಬಂದ ಹಾಗಿರಲಿಲ್ಲ.

ಕೂಸುಗಳಿಗೆ ಇದು ನಿಜಕ್ಕೂ ಅಪಾಯ. 1945ರಲ್ಲಿ ಇದೇ ಅಯೋವಾದ ಹಂಟರ್ ಕಾಮ್ಲಿ ಅನ್ನುವ ವೈದ್ಯರು, ಬಾವಿ ನೀರಿನಲ್ಲಿ ಕಲಸಿದ ಹಾಲು ಕುಡಿದು ನೀಲಿಗಟ್ಟುತ್ತಿದ್ದ ಹಸುಗೂಸುಗಳ ಬಗ್ಗೆ ಬರೆದರು. ನೈಟ್ರೇಟ್‌ನಿಂದ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಅನ್ನುವ ಅಮೆರಿಕದ ಮಿತಿ ಅಂಥ ಕೂಸುಗಳನ್ನು ನೋಡಿ ಇಟ್ಟದ್ದು. ನಮ್ಮ ದೇಶದ ಮಿತಿ 45. ಎರಡೂ ಹೆಚ್ಚುಕಡಿಮೆ ಒಂದೇ. ಇಲ್ಲಿಯವರು ನೈಟ್ರೇಟ್‌ನೊಳಗಿನ ನೈಟ್ರೋಜನ್ ಮಾತ್ರ ತೂಗುತ್ತಾರೆ, ನಾವು ಇಡೀ ನೈಟ್ರೇಟ್ ತೂಗುತ್ತೇವೆ, ಅಷ್ಟೇ ವ್ಯತ್ಯಾಸ. ದೊಡ್ಡವರಿಗೆ ವರ್ಷಗಟ್ಟಲೆ ಕುಡಿದರೆ ಏನಾಗುತ್ತದೆ, ಕೆಲವು ಕ್ಯಾನ್ಸರ್‌ಗಳಿಗೆ ಸಂಬಂಧ ಇದೆಯಾ ಅನ್ನುವುದರ ಮೇಲೆ ಸಂಶೋಧನೆ ನಡೆಯುತ್ತಲೇ ಇದೆ.

ಈಗ ನೀರಿನ ಸಂಸ್ಥೆಯ ಕಥೆಗೆ ಬರುತ್ತೇನೆ. ಡಿಮಾಯ್ನ್ ವಾಟರ್ ವರ್ಕ್ಸ್ ಊರಿನ ಸಾರ್ವಜನಿಕ ಸಂಸ್ಥೆ. ಲಾಭಕ್ಕೆ ನಡೆಯುವುದಲ್ಲ. ನೀರಿನ ಬಿಲ್ಲಿನಿಂದ ಬಂದ ದುಡ್ಡಲ್ಲೇ ಎಲ್ಲ ನಡೆಯಬೇಕು. 1990ರ ದಶಕದ ಶುರುವಿನಲ್ಲೇ ಇವರು ಸುಮಾರು 40 ಲಕ್ಷ ಡಾಲರ್ ಹಾಕಿ ನೈಟ್ರೇಟ್ ತೆಗೆಯುವ ಘಟಕ ಕಟ್ಟಿದರು. ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ರಾಳದ ಸಣ್ಣ ಮಣಿಗಳಿರುತ್ತವೆ. ನೀರು ಅದರ ಮೂಲಕ ಹಾದಾಗ ಮಣಿಗಳು ನೈಟ್ರೇಟ್ ಹಿಡಿದಿಟ್ಟುಕೊಳ್ಳುತ್ತವೆ. ಮಣಿ ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ತೊಳೆಯಬೇಕು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಗೊತ್ತಾ? ಮತ್ತೆ ನದಿಗೆ! ನಮ್ಮ ಊರು ದಾಟಿ ಕೆಳಕ್ಕೆ. ಅಂದರೆ ಇಷ್ಟೆಲ್ಲ ಖರ್ಚು ಮಾಡಿದರೂ ನೈಟ್ರೇಟ್ ಎಲ್ಲೂ ಮಾಯವಾಗಿಲ್ಲ, ನಮ್ಮ ಮನೆ ಬಾಗಿಲು ದಾಟಿಸಿದೆವು ಅಷ್ಟೇ. ಅದು ಮಿಸಿಸಿಪ್ಪಿ ಸೇರಿ ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ. ಅಲ್ಲಿ ಪ್ರತಿ ಬೇಸಿಗೆಯಲ್ಲೂ ಪಾಚಿ ಬೆಳೆದು ಕೊಳೆತು, ನೀರಿನಲ್ಲಿ ಆಮ್ಲಜನಕವೇ ಇಲ್ಲದ ದೊಡ್ಡ ಜಾಗ ಆಗುತ್ತದೆ. ಅಲ್ಲಿಯ ಮೀನುಗಾರರಿಗೆ ಅದೇ ಗೋಳು.

2015ರಲ್ಲಿ ಈ ಘಟಕವನ್ನು 177 ದಿನ ಓಡಿಸಬೇಕಾಯಿತು. 15 ಲಕ್ಷ ಡಾಲರ್ ಖರ್ಚು. ಅದೇ ವರ್ಷ ಸಂಸ್ಥೆಯ ಮುಖ್ಯಸ್ಥ ಬಿಲ್ ಸ್ಟೋವ್ ಮತ್ತು ಮಂಡಳಿಯವರು ಒಂದು ಗಟ್ಟಿ ಹೆಜ್ಜೆ ಇಟ್ಟರು. ನದಿಯ ಮೇಲ್ಭಾಗದ ಸ್ಯಾಕ್, ಬ್ಯುಯೆನಾ ವಿಸ್ಟಾ, ಕ್ಯಾಲ್ಹೂನ್ ಎಂಬ ಮೂರು ಕೌಂಟಿಗಳ (ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ) ಬಸಿಗಾಲುವೆ ಮಂಡಳಿಗಳ ಮೇಲೆ ಫೆಡರಲ್, ಅಂದರೆ ಕೇಂದ್ರದ, ಕೋರ್ಟಿನಲ್ಲಿ ಕೇಸು ಹಾಕಿದರು. ವಾದ ಸರಳ. ಕಾರ್ಖಾನೆ ತನ್ನ ಪೈಪಿನಿಂದ ನದಿಗೆ ಕೊಳೆ ಬಿಟ್ಟರೆ 1972ರ ಶುದ್ಧ ನೀರಿನ ಕಾಯ್ದೆ ಪ್ರಕಾರ ಪರವಾನಗಿ ಬೇಕು. ಹೊಲದಿಂದ ಹರಿದ ಮಳೆ ನೀರಿಗೆ ಬೇಡ. ಆದರೆ ಇದು ಸುಮ್ನೆ ಹರಿದು ಬಂದ ಮಳೆ ನೀರಲ್ಲ, ಸರ್ಕಾರಿ ಮಂಡಳಿಗಳು ನೋಡಿಕೊಳ್ಳುವ ಪೈಪು ಕಾಲುವೆಗಳಿಂದ ಬರುವ ನೀರು. ಹಾಗಾದರೆ ಇವಕ್ಕೂ ಪರವಾನಗಿ ಯಾಕೆ ಬೇಡ?

ರಾಜ್ಯಕ್ಕೇ ಬೆಂಕಿ ಬಿದ್ದ ಹಾಗಾಯಿತು. ಡಿಮಾಯ್ನ್‌ನವರು ಹಳ್ಳಿಗಳ ಮೇಲೆ ಯುದ್ಧ ಸಾರಿದ್ದಾರೆ ಅಂತ ಆಗಿನ ಗವರ್ನರ್ ಟೆರಿ ಬ್ರಾನ್‌ಸ್ಟಡ್ ಅಂದುಬಿಟ್ಟರು. ವಾಟರ್ ವರ್ಕ್ಸ್ ಮಂಡಳಿಯನ್ನೇ ರದ್ದು ಮಾಡುವ ಮಸೂದೆಯೂ 2017ರಲ್ಲಿ ಶಾಸನಸಭೆಗೆ ಬಂತು, ಪಾಸಾಗಲಿಲ್ಲ. ಇದರ ನಡುವೆ ನನಗೆ ತುಂಬಾ ಇಷ್ಟವಾದ ಒಂದು ಪ್ರಸಂಗ ಇದೆ. ಸ್ಟಾರ್ಮ್ ಲೇಕ್ ಅಂತ ಬ್ಯುಯೆನಾ ವಿಸ್ಟಾ ಕೌಂಟಿಯ ಪುಟ್ಟ ಊರು. ಅಲ್ಲೊಂದು ಮನೆಮಂದಿಯೇ ನಡೆಸುವ ಪತ್ರಿಕೆ, ಕೆಲವು ಸಾವಿರ ಪ್ರತಿ ಹೋಗುತ್ತದೆ. ಕೌಂಟಿಗಳ ವಕೀಲರ ಫೀಸನ್ನು ಯಾರು ಕಟ್ಟುತ್ತಿದ್ದಾರೆ ಅಂತ ಅದರ ಸಂಪಾದಕ ಆರ್ಟ್ ಕಲೆನ್ ಬಿಡದೆ ಕೇಳಿದರು. ಹಿಂದೆ ದೊಡ್ಡ ದೊಡ್ಡ ಕೃಷಿ ಕುಳಗಳಿದ್ದವು ಅನ್ನುವುದು ಹೊರಗೆ ಬಂತು. ತಮ್ಮ ಸುತ್ತಲಿನವರೆಲ್ಲ ರೈತರೇ, ಜಾಹೀರಾತು ಕೊಡುವವರೂ ಅವರನ್ನೇ ನಂಬಿದವರು. ಆದರೂ ಬರೆದರು. 2017ರಲ್ಲಿ ಆ ಸಂಪಾದಕೀಯಗಳಿಗೆ ಪುಲಿಟ್ಜರ್ ಬಂತು, ಇಲ್ಲಿಯ ಪತ್ರಕರ್ತರಿಗೆ ಸಿಗುವ ದೊಡ್ಡ ಬಹುಮಾನ ಅದು.

ಬಹುಮಾನ ಬಂತು, ಕೇಸು ಬಿದ್ದುಹೋಯಿತು. 2017ರ ಜನವರಿಯಲ್ಲಿ ಅಯೋವಾ ಸುಪ್ರೀಂ ಕೋರ್ಟ್, ಬಸಿಗಾಲುವೆ ಮಂಡಳಿಗಳಿಂದ ಪರಿಹಾರ ಕೇಳಲು ಬರುವುದಿಲ್ಲ ಅಂದಿತು. ಅವುಗಳ ಕೆಲಸ ನೀರು ಬಸಿಯುವುದು, ಅಷ್ಟೇ. ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಕೇಸನ್ನೇ ವಜಾ ಮಾಡಿದರು. ಇಂಥ ಮಂಡಳಿಗಳಿಗೆ ಇದನ್ನು ಸರಿಪಡಿಸುವ ಅಧಿಕಾರವೇ ಇಲ್ಲ, ಇದು ಶಾಸಕರು ಬಗೆಹರಿಸಬೇಕಾದ ವಿಷಯ ಅನ್ನುವುದು ಅವರ ಮಾತಿನ ತಾತ್ಪರ್ಯ. ಶಾಸಕರ ಬಳಿ ಹೋದರೆ ಅವರು ಏನನ್ನುತ್ತಾರೆ? ರೈತರು ಸ್ವಇಚ್ಛೆಯಿಂದ ಮಾಡುತ್ತಾರೆ, ಕಾಯ್ದೆ ಬೇಡ. 2013ರಿಂದ ಇರುವ ರಾಜ್ಯದ ಯೋಜನೆ ಅದೇ. ನದಿಗೆ ಹೋಗುವ ನೈಟ್ರೋಜನ್ ಮತ್ತು ರಂಜಕವನ್ನು 45% ಇಳಿಸುವ ಗುರಿ ಇದೆ, ಯಾವಾಗ ಇಳಿಸಬೇಕು ಅನ್ನುವ ಕಟ್ಟುಪಾಡಿಲ್ಲ. ಹತ್ತು ವರ್ಷ ದಾಟಿದ ಮೇಲೆ 2025ರ ಬೇಸಿಗೆ ಹೇಗಿತ್ತು ಅಂತ ಮೇಲೆ ಬರೆದಿದ್ದೇನೆ. ನನ್ನ ಪ್ರಕಾರ ಇದು ಮೂಗಿಗೆ ತುಪ್ಪ ಸವರುವ ಕೆಲಸ. ಬಿಲ್ ಸ್ಟೋವ್ 2019ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ನಾನು ರೈತರ ವಿರುದ್ಧ ಬರೆಯುತ್ತಿದ್ದೇನೆ ಅಂತ ಅಂದುಕೊಳ್ಳಬೇಡಿ. ನಮ್ಮಪ್ಪ ಗದ್ದೆ ಮಾಡಿದವರು. ಎಲೆ ಸ್ವಲ್ಪ ಹಳದಿ ತಿರುಗಿದರೆ ಇನ್ನೊಂದು ಮೂಟೆ ಯೂರಿಯಾ ತಂದು ಎರಚುವ ಮನಸ್ಸು ಯಾಕೆ ಬರುತ್ತದೆ ಅಂತ ನನಗೆ ಗೊತ್ತು. ಇಳುವರಿ ಕಮ್ಮಿಯಾದರೆ ಸಾಲ ತೀರಿಸುವುದು ಅವನೇ ಹೊರತು ಊರವರಲ್ಲ. ಇಲ್ಲೂ ಹಾಗೇ. ಅಯೋವಾದ ಹೊಲಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗುತ್ತಿಗೆ ಭೂಮಿ. ಯಜಮಾನರು ಎಲ್ಲೋ ಇರುತ್ತಾರೆ, ಉಳುವವರು ಬೇರೆ. ನಮ್ಮಲ್ಲಿ ಬೇರೆಯವರ ಹೊಲವನ್ನು ವಾರಕ್ಕೆ (ಪಾಲಿಗೆ) ಮಾಡುವವನು ಬದು ಹಾಕಿಸುತ್ತಾನಾ? ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿ ಇರುತ್ತೋ ಇಲ್ವೋ ಅನ್ನುವಾಗ ಹತ್ತು ವರ್ಷಕ್ಕೆ ಫಲ ಕೊಡುವ ಕೆಲಸಕ್ಕೆ ಯಾರು ಕೈ ಹಾಕುತ್ತಾರೆ? ಇನ್ನೊಂದು ಮಾತು. ಇಲ್ಲಿ ಬೆಳೆಯುವ ಜೋಳದಲ್ಲಿ ಅರ್ಧಕ್ಕಿಂತ ಹೆಚ್ಚು ಎಥನಾಲ್‌ಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲು ದನ, ಹಂದಿ, ಕೋಳಿಗೆ. "ಜಗತ್ತಿಗೆ ಅನ್ನ ಹಾಕುತ್ತಿದ್ದೇವೆ" ಅನ್ನುವ ಮಾತನ್ನು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಕಾರಿಗೂ ಹಾಕುತ್ತಿದ್ದೀರಲ್ಲ ಸ್ವಾಮಿ!

ಏನು ಮಾಡಬೇಕು ಅನ್ನುವುದು ಯಾರಿಗೂ ತಿಳಿಯದ ವಿದ್ಯೆಯೂ ಅಲ್ಲ. ಜೋಳ ಕಟಾವಾದ ಮೇಲೆ ನೆಲ ಬರಿದು ಬಿಡದೆ ರೈ ಥರದ ಹೊದಿಕೆ ಬೆಳೆ ಹಾಕಿದರೆ ಅದು ಉಳಿದ ನೈಟ್ರೇಟ್ ಹೀರಿಕೊಳ್ಳುತ್ತದೆ. ಬಸಿ ಪೈಪನ್ನು ಸೀದಾ ಹಳ್ಳಕ್ಕೆ ಬಿಡದೆ ದಡದ ಹುಲ್ಲಿನ ಪಟ್ಟಿಯೊಳಗೆ ಇಂಗಿಸಿದರೆ, ಇಲ್ಲವೇ ಮರದ ಚೂರು ತುಂಬಿದ ಗುಂಡಿಯ ಮೂಲಕ ಹಾಯಿಸಿದರೆ, ಅಲ್ಲಿಯ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಗಾಳಿಯ ನೈಟ್ರೋಜನ್ ಮಾಡಿಬಿಡುತ್ತವೆ. ರಾಳದ ಮಣಿಗಳು ಮಾಡದ ಕೆಲಸ ಇದು. ಇಲ್ಲಿ ನಿಜವಾಗಿಯೂ ನೈಟ್ರೇಟ್ ಇಲ್ಲವಾಗುತ್ತದೆ. ನಮ್ಮ ಪೋಕ್ ಕೌಂಟಿಯವರು ಇದನ್ನು ಜಾಣತನದಿಂದ ಮಾಡುತ್ತಿದ್ದಾರೆ. ಒಬ್ಬೊಬ್ಬ ರೈತನೂ ಅರ್ಜಿ ಹಿಡಿದು ಅಲೆಯುವ ಬದಲು, ಒಂದೇ ಕಾಂಟ್ರಾಕ್ಟಿನಲ್ಲಿ ಹತ್ತಾರು ಹೊಲಗಳಲ್ಲಿ ಒಟ್ಟಿಗೆ ಮಾಡಿಸುತ್ತಾರೆ, ರೈತನ ಕೈಯಿಂದ ಖರ್ಚಿಲ್ಲ. ಒಳ್ಳೆಯದೇ. ಆದರೆ ಇಡೀ ನದಿ ಪಾತ್ರಕ್ಕೆ ಇದು ಯಾತಕ್ಕೂ ಸಾಲದು.

ಜರ್ಮನಿಯ ಮ್ಯೂನಿಕ್ ನಗರದ್ದು ಬೇರೆ ದಾರಿ. ಅವರಿಗೆ ನೀರು ಬರುವುದು ಬಹುಪಾಲು ಮಾಂಗ್‌ಫಾಲ್ ಕಣಿವೆಯಿಂದ. ನೈಟ್ರೇಟ್ ನಿಧಾನವಾಗಿ ಏರುತ್ತಿದೆ ಅಂತ ಗೊತ್ತಾದಾಗ, ಅದು ಮಿತಿಗಿಂತ ತುಂಬಾ ಕೆಳಗಿದ್ದರೂ, ನಗರದ ನೀರಿನ ಸಂಸ್ಥೆ 1992ರಲ್ಲಿ ರೈತರ ಬಳಿ ಹೋಯಿತು. ಸಾವಯವ ಬೇಸಾಯಕ್ಕೆ ಬನ್ನಿ, ಎಕರೆ ಲೆಕ್ಕದಲ್ಲಿ ವರ್ಷ ವರ್ಷ ದುಡ್ಡು ಕೊಡುತ್ತೇವೆ ಅಂದಿತು. ನೂರಕ್ಕಿಂತ ಹೆಚ್ಚು ರೈತರು ಬಂದರು. ನೈಟ್ರೇಟ್ ಇಳಿಯಿತು. ನ್ಯೂಯಾರ್ಕ್‌ನವರೂ ಕ್ಯಾಟ್‌ಸ್ಕಿಲ್ ಬೆಟ್ಟದ ಹೈನುಗಾರರ ಜೊತೆ ಹೀಗೇ ಒಪ್ಪಂದ ಮಾಡಿಕೊಂಡು ಕೋಟಿಗಟ್ಟಲೆ ಡಾಲರ್‌ನ ಶುದ್ಧೀಕರಣ ಘಟಕದ ಖರ್ಚು ಉಳಿಸಿಕೊಂಡರು. ಅದೂ ಕೊಳೆ ಮಾಡದಿರಲು ದುಡ್ಡು ಕೊಟ್ಟ ಹಾಗಲ್ವಾ ಅಂತ ಕೇಳುವವರಿದ್ದಾರೆ. ಹೌದು, ಆ ಮಾತು ನನಗೂ ಚುಚ್ಚುತ್ತದೆ. ಆದರೆ ಉಪ್ಪು ಸುರಿದು ನೈಟ್ರೇಟನ್ನು ಮುಂದಿನ ಊರಿಗೆ ಸಾಗಿಸುವುದಕ್ಕಿಂತ ಅದು ಎಷ್ಟೋ ವಾಸಿ. ಮಾತ್ರ, ಕೊಡುವ ದುಡ್ಡಿನ ಜೊತೆಗೆ ಇಂತಿಷ್ಟಕ್ಕಿಂತ ಹೆಚ್ಚು ಬಿಡಬಾರದು ಅನ್ನುವ ಕಾಯ್ದೆಯೂ ಇರಬೇಕು. ಬರೀ ದುಡ್ಡು, ಇಲ್ಲಾ ಬರೀ ಉಪದೇಶ, ಎರಡೂ ಇಲ್ಲಿ ನಡೆಯಲಿಲ್ಲ. ಮತ್ತೆ ಆ ದುಡ್ಡು ಬಿಲ್ಲು ಕಟ್ಟುವ ನಮ್ಮಿಂದ ಮಾತ್ರ ಬರಬಾರದು. ಗೊಬ್ಬರ ಮಾರಿದವರು, ಹಂದಿ ಮಾಂಸ ಮಾರಿದವರು, ಎಥನಾಲ್ ಮಾರಿದವರು ಅದರಲ್ಲಿ ಪಾಲು ಹಾಕಲಿ.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರು ಅಯ್ಯೋ ಪಾಪ ಅನ್ನುವ ಮೊದಲು ಒಂದು ವಿಷಯ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಅಂತರ್ಜಲ ಮಾದರಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ನೈಟ್ರೇಟ್ 45 ದಾಟಿದೆ. ರಾಜಸ್ಥಾನ ಬಿಟ್ಟರೆ ನಾವೇ. ನಮ್ಮಲ್ಲಿ ಗೊಬ್ಬರದ ಜೊತೆ ಶೌಚದ ಗುಂಡಿ, ಚರಂಡಿಯ ಪಾಲೂ ಇದೆ. ಅಲ್ಲಿ ಕೇಸು ಹಾಕುವ ಸಂಸ್ಥೆಯೂ ಇಲ್ಲ, ಯಾಕೆಂದರೆ ಬೋರ್‌ವೆಲ್ ಅವರವರದು.

ಇಲ್ಲಿ ಈಗಿನ ತಲೆನೋವು ಇನ್ನೊಂದು. ನದಿಗಳಲ್ಲಿ ನೈಟ್ರೇಟ್ ಎಷ್ಟಿದೆ ಅಂತ ಹೊತ್ತುಹೊತ್ತಿಗೆ ತೋರಿಸುವ ಸೆನ್ಸರ್‌ಗಳನ್ನು ಅಯೋವಾ ವಿಶ್ವವಿದ್ಯಾಲಯದವರು ನೋಡಿಕೊಳ್ಳುತ್ತಾರೆ. ಯಾರು ಬೇಕಾದರೂ ಮನೆಯಲ್ಲೇ ಕೂತು ಆ ಅಂಕಿ ನೋಡಬಹುದು. 2023ರಲ್ಲಿ ಶಾಸನಸಭೆ ಅದಕ್ಕೆ ಹೋಗುತ್ತಿದ್ದ ಹಣವನ್ನು ಬೇರೆ ಕಡೆ ತಿರುಗಿಸಿತು. ಆಮೇಲೆ ಅಲ್ಲಿ ಇಲ್ಲಿ ಕೇಳಿ ನಡೆಸುತ್ತಿದ್ದಾರೆ, ನಮ್ಮ ಕೌಂಟಿಯೂ ಒಂದಿಷ್ಟು ಹಾಕಿದೆ. ಡಿಮಾಯ್ನ್, ಆಂಕೆನಿ, ವಾಕೀ ಕಡೆಯ ಕನ್ನಡದವರು ನಾವು ಇಷ್ಟು ಜನ ಇದ್ದೇವೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತೇವೆ. ನೀರಿನ ಮಂಡಳಿಯ ಸಭೆಗೆ ಯಾರು ಬೇಕಾದರೂ ಹೋಗಬಹುದು, ಮಾತಾಡಲು ಸಮಯವನ್ನೂ ಕೊಡುತ್ತಾರೆ. ಮುಂದಿನ ಸಭೆಗೆ ನಾನು ಹೋಗುತ್ತಿದ್ದೇನೆ, ಸೆನ್ಸರ್ ಹಣದ ಬಗ್ಗೆ ಕೇಳಬೇಕು. ಬರುವವರು ಕಾಮೆಂಟ್‌ನಲ್ಲಿ ಹೇಳಿ, ಕಾರಿನಲ್ಲಿ ಮೂರು ಸೀಟು ಖಾಲಿ ಇದೆ.