ಅಜ್ಜಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು

ಈಗಷ್ಟೇ ಬಸವನಗುಡಿಯ ಒಂದು ಛತ್ರದಿಂದ ಬಂದೆ. ಮದುವೆ ಫೋಟೊ ತೆಗೆಯೋದು ನನ್ನ ಕೆಲಸ, ಆದರೆ ಇವತ್ತು ಕೆಲಸಕ್ಕೆ ಹೋಗಿದ್ದಲ್ಲ, ನೆಂಟನಾಗಿ ಹೋಗಿದ್ದೆ. ಊಟ ಚೆನ್ನಾಗಿತ್ತು, ಮನಸ್ಸು ಮಾತ್ರ ಸರಿಯಿಲ್ಲ.

ಅಂತರಪಟ ಸರಿಯುವ ಹೊತ್ತು. ಹುಡುಗ, ಹುಡುಗಿ ಇಬ್ಬರೂ ಜೀರಿಗೆ ಬೆಲ್ಲ ಹಿಡಿದು ನಿಂತಿದ್ದರು. ಮಂಟಪದ ಅಂಚಿನಲ್ಲೇ ಎರಡು ದೊಡ್ಡ ಎಲ್‌ಇಡಿ ಲೈಟು, ಅವಳ ಮುಖಕ್ಕೆ ಐದಡಿ ದೂರದಲ್ಲಿ, ಫುಲ್ ಪವರ್. ಪಟ ಸರಿಯಿತು. ಅವಳು ಹುಡುಗನ ಮುಖ ನೋಡಲೇ ಇಲ್ಲ, ಕಣ್ಣು ಕಿರಿದು ಮಾಡಿ ತಲೆ ತಗ್ಗಿಸಿಬಿಟ್ಟಳು. ಪಕ್ಕದಲ್ಲಿದ್ದ ಅಜ್ಜಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಮೊಮ್ಮಗಳ ಮದುವೆ ನೋಡೋಕೆ ಅಂತಲೇ ಹಾಸನದಿಂದ ಬಂದಿದ್ದವರು. ನನಗೆ ಹೊಟ್ಟೆ ಉರಿಯಿತು.

ಅಲ್ಲಿ ಫೋಟೊ, ವಿಡಿಯೊ ತೆಗೆಯುತ್ತಿದ್ದ ಹುಡುಗರ ಕೈಯಲ್ಲಿದ್ದ ಕ್ಯಾಮೆರಾ ಲಕ್ಷಗಟ್ಟಲೆ ಬೆಲೆಯದು. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್, ಏರಿಸಿದಷ್ಟೂ ಕಡಿಮೆ ಬೆಳಕು ಸಾಕು) 3200 ಇಟ್ಟರೂ ಫೋಟೊ ಕೆಡುವುದಿಲ್ಲ. ಜೊತೆಗೆ ಕಡಿಮೆ ಬೆಳಕಲ್ಲೂ ನಡೆಯುವ 85 ಎಂಎಂ 1.8 ಲೆನ್ಸ್ ಬೇರೆ. ಇಷ್ಟೆಲ್ಲ ಇಟ್ಟುಕೊಂಡು ಅಷ್ಟು ಬೆಳಕು ಯಾಕೆ ಬೇಕು? ಲೈಟು ಅಷ್ಟು ಹತ್ತಿರ ಇದ್ದರೆ ಏನಾಗುತ್ತೆ ಅಂತ ಯಾರೂ ಹೇಳಿಕೊಡಲಿಲ್ವಾ? ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹುಡುಗಿಯ ಮುಖ ಸುಣ್ಣ ಬಳಿದ ಹಾಗೆ, ಐದಡಿ ಹಿಂದೆ ನಿಂತ ಅಪ್ಪ ಅಮ್ಮ ಕತ್ತಲಲ್ಲಿ. ಸೀರೆಯ ಜರಿ ಪೂರ್ತಿ ಬೆಳ್ಳಗಾಗಿ ಅದರ ಕೆಲಸವೇ ಕಾಣುವುದಿಲ್ಲ. ಅದೇ ಲೈಟನ್ನು ಹತ್ತು ಹನ್ನೆರಡು ಅಡಿ ದೂರಕ್ಕೆ, ಎತ್ತರಕ್ಕೆ, ಓರೆಯಾಗಿ ಇಟ್ಟು, ಮುಂದೆ ಬೆಳಕು ಹರಡಿ ಮೆತ್ತಗಾಗಿಸುವ ಒಂದು ಬಿಳಿ ಬಟ್ಟೆಯ ಸಾಫ್ಟ್‌ಬಾಕ್ಸ್ ಹಾಕಿದ್ದರೆ ಸಾಕಿತ್ತು.

"ವಿಡಿಯೊಗೆ ಬೆಳಕು ಬೇಕು ಸರ್, ಫ್ಲಾಶ್ ನಡೆಯಲ್ಲ" ಅಂತಾರೆ. ಒಪ್ಪಿದೆ, ಬೇಕು. ಆದರೆ ಹಿಂದೆ 1000 ವ್ಯಾಟ್ ಹ್ಯಾಲೊಜೆನ್ ಹಿಡಿದು ನಿಲ್ಲುತ್ತಿದ್ದರಲ್ಲ, ಆಗಿನ ಕ್ಯಾಮೆರಾಗಳಿಗೆ ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ. ಈಗಿನದಕ್ಕೆ ಆ ತೊಂದರೆ ಇಲ್ಲ. ಅಭ್ಯಾಸ ಮಾತ್ರ ಹಾಗೇ ಉಳಿದಿದೆ.

ಇಷ್ಟು ಕೋಪ ಯಾಕೆ ಅಂದರೆ, ಇದೇ ತಪ್ಪು ನಾನೂ ಮಾಡಿದ್ದೇನೆ. ಈ ಕೆಲಸಕ್ಕೆ ಬಂದ ಹೊಸತು. ಐಎಸ್‌ಒ 200 ಬಿಟ್ಟು ಮೇಲೆ ಹೋಗೋಕೆ ಭಯ, ಫೋಟೊದಲ್ಲಿ ಕಾಳು ಕಾಳು ಬರುತ್ತೆ ಅಂತ. ಹಾಗಾಗಿ ಫ್ಲಾಶ್ ಫುಲ್ ಪವರ್‌ನಲ್ಲಿ ಹೊಡೆಯುತ್ತಿದ್ದೆ. ಗಟ್ಟಿಮೇಳ ಶುರುವಾಯಿತು, ತಾಳಿ ಕಟ್ಟುವಾಗ ಒತ್ತಿದೆ, ಫ್ಲಾಶ್ ಇನ್ನೂ ಚಾರ್ಜ್ ಆಗಿರಲಿಲ್ಲ. ಫ್ರೇಮ್ ಕಪ್ಪು. ಐಎಸ್‌ಒ 800 ಇಟ್ಟಿದ್ದರೆ ಫ್ಲಾಶ್‌ಗೆ ಕಾಲು ಪವರ್ ಸಾಕಿತ್ತು, ಫ್ಲಾಶ್ ಬೇಗ ತಯಾರಾಗುತ್ತಿತ್ತು. ಆಲ್ಬಮ್ ತಿರುವಿ ಹಾಕಿ "ತಾಳಿ ಕಟ್ಟಿದ್ದು ಎಲ್ಲಪ್ಪಾ?" ಅಂತ ಹುಡುಗಿಯ ತಂದೆ ಕೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಬೈಯಲಿಲ್ಲ. ಸುಮ್ನೆ ಆಲ್ಬಮ್ ಮುಚ್ಚಿದರು. ಇವತ್ತಿಗೂ ಗಟ್ಟಿಮೇಳ ಕೇಳಿದರೆ ಅದು ನೆನಪಾಗುತ್ತದೆ.

ಅವತ್ತಿಂದ ಮದುವೆಯ ಹಿಂದಿನ ದಿನ ಛತ್ರಕ್ಕೆ ಹೋಗಿಬರುತ್ತೇನೆ. ಮುಹೂರ್ತ ಎಷ್ಟು ಗಂಟೆಗೋ ಅದೇ ಹೊತ್ತಿಗೆ. ಕಿಟಕಿ ಯಾವ ಕಡೆ, ಬಿಸಿಲು ಎಲ್ಲಿವರೆಗೆ ಬರುತ್ತೆ, ಮೇಲಿನ ಸೂರು ಬಿಳಿನಾ ಅಥವಾ ಬಣ್ಣದ ಬಟ್ಟೆ ಕಟ್ಟಿದ್ದಾರಾ ಅಂತ ನೋಡಿಕೊಳ್ಳುತ್ತೇನೆ. ಫ್ಲಾಶ್ ಬೆಳಕನ್ನು ಸೂರಿಗೆ ಹೊಡೆದು ಕೆಳಗೆ ಬೀಳಿಸುತ್ತೇವಲ್ಲ (ಬೌನ್ಸ್ ಅಂತಾರೆ), ಕೆಂಪು ಬಟ್ಟೆಗೆ ಹಾಗೆ ಮಾಡಿದರೆ ಎಲ್ಲರ ಮುಖವೂ ಕೆಂಪೇ.

ಮುಂದಿನ ಭಾನುವಾರ ಮಲ್ಲೇಶ್ವರದಲ್ಲಿ ಒಂದು ಮದುವೆ ಇದೆ. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಛತ್ರ ನೋಡೋಕೆ ಹೋಗುತ್ತೇನೆ. ಹೊಸದಾಗಿ ಕೆಲಸ ಶುರು ಮಾಡಿದ ಹುಡುಗರು, ಹುಡುಗಿಯರು ಯಾರಿಗಾದರೂ ಆಸಕ್ತಿ ಇದ್ದರೆ ಮೆಸೇಜ್ ಮಾಡಿ, ಜೊತೆಗೆ ಬನ್ನಿ. ಕ್ಯಾಮೆರಾ ತರೋದು ಬೇಡ.