ಮನೆಯವರಿಗೆ ಹೇಳದ ಸಾಲ

2019ರ ಜುಲೈ ಕೊನೆಯಲ್ಲಿ ಕಾಫಿ ಡೇ ಸ್ಥಾಪಕ ವಿ. ಜಿ. ಸಿದ್ಧಾರ್ಥ ಅವರು ತೀರಿಕೊಂಡಾಗ ಶಿವಮೊಗ್ಗದಿಂದ ಮೂಡಿಗೆರೆಯವರೆಗೆ ಮಲೆನಾಡಿನ ಮನೆಮನೆಯಲ್ಲೂ ಅದೇ ಮಾತಾಗಿತ್ತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ತೆರೆದು ನಮ್ಮ ಗುಡ್ಡಗಳ ಕಾಫಿಯನ್ನು ದೇಶದ ನಗರಗಳಿಗೆಲ್ಲ ಮುಟ್ಟಿಸಿದವರು ಅವರು. ತೀರಿಕೊಂಡ ವರ್ಷವೇ, ಐಟಿ ಕಂಪನಿ ಮೈಂಡ್‌ಟ್ರೀಯಲ್ಲಿದ್ದ ತಮ್ಮ ಪಾಲನ್ನು ಮೂರು ಸಾವಿರ ಕೋಟಿಗೂ ಮಿಕ್ಕ ಮೊತ್ತಕ್ಕೆ ಮಾರಿದ ಮೇಲೂ ಸಾಲ ಕೊಟ್ಟವರ ಒತ್ತಡ ತಗ್ಗಿರಲಿಲ್ಲ. ಅವರು ಬರೆದದ್ದೆಂದು ಆಗ ಪ್ರಕಟವಾದ ಪತ್ರದಲ್ಲಿ, ಎಲ್ಲ ವ್ಯವಹಾರಗಳಿಗೂ ತಾವೊಬ್ಬರೇ ಹೊಣೆ, ಅವುಗಳ ವಿವರವನ್ನು ಕುಟುಂಬದವರಿಂದಲೂ ಮುಚ್ಚಿಟ್ಟಿದ್ದೆ ಎಂಬ ಅರ್ಥದ ಮಾತಿತ್ತು. ಸಾಲದ ಅಂಕಿಗಳ ಬಗ್ಗೆ ಎಷ್ಟೋ ಜನ ಎಷ್ಟೋ ಬರೆದರು. ನನ್ನನ್ನು ಇಂದಿಗೂ ಕಾಡುವುದು ಕುಟುಂಬದ ಕುರಿತ ಆ ಒಂದು ಮಾತು.

ದೊಡ್ಡ ವ್ಯವಹಾರಕ್ಕೆ ಕೈಹಾಕಿದವರು ನಿದ್ದೆ, ಆರೋಗ್ಯ, ಮಕ್ಕಳೊಂದಿಗಿನ ಸಮಯ ಕಳೆದುಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ತಿಳಿದದ್ದೇ. ಅವೆಲ್ಲಕ್ಕಿಂತ ದುಬಾರಿಯಾದದ್ದು, ಸ್ವಂತ ಮನೆಯಲ್ಲಿ ನಿಜ ಹೇಳುವ ಧೈರ್ಯವನ್ನೇ ಕಳೆದುಕೊಳ್ಳುವುದು ಎಂದು ನಾನು ನಂಬಿದ್ದೇನೆ. ಮರ್ಯಾದೆಗೆ ಅಂಜುವ ನಮ್ಮ ಮಲೆನಾಡಿನಲ್ಲಿ ಈ ನಷ್ಟ ಇನ್ನೂ ಬೇಗ ಆಗುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಡಿಕೆ ಸುಲಿತದ ದಿನಗಳು. ಜಗಲಿಯ ಮೇಲೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಬೆಂಗಳೂರಿನಲ್ಲಿ ಕಂಪನಿ ನಡೆಸುತ್ತಿದ್ದ ಮಗ ಬ್ಯಾಂಕಿನ ಕಾಗದಗಳ ಕಟ್ಟು ತಂದು ತಾಯಿಯ ಮುಂದಿಟ್ಟ. ಸಹಿ ಬೀಳಬೇಕಾದ ಕಡೆಯಲ್ಲೆಲ್ಲ ಹಳದಿ ಚೀಟಿ ಅಂಟಿಸಲಾಗಿತ್ತು. ಆಕೆ ಅಡಿಕೆಯ ಚೊಗರು ಹಿಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಇದು ಎಷ್ಟು ದುಡ್ಡಿಂದು ಅಪ್ಪೀ?” ಎಂದು ಕೇಳಿದರು. “ಅದೆಲ್ಲ ನಿಂಗ್ಯಾಕಮ್ಮ, ಸುಮ್ನೆ ಹಾಕು” ಎಂದ. ಮಗನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಒಂದೊಂದೇ ಹಾಳೆ ತಿರುವುತ್ತ ಆಕೆ ಎಲ್ಲ ಕಡೆಯೂ ಸಹಿ ಹಾಕಿಕೊಟ್ಟರು.

ಮಗನ ಕಂಪನಿಯ ಸಾಲಕ್ಕೆ ಜಾಮೀನು ನಿಲ್ಲುವ ಆ ಸಹಿಯ ತೂಕ ಎಷ್ಟೆಂದು ಬಹಳ ಜನರಿಗೆ ಗೊತ್ತಿಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಅಡವಿಟ್ಟ ಮನೆಯಾದರೆ, ಕಂತು ನಿಂತು ಖಾತೆ ವಸೂಲಾಗದ ಸಾಲವೆಂದು ಘೋಷಣೆಯಾದ ಮೇಲೆ, ಅಡಮಾನದ ಸಾಲ ವಸೂಲಿಗೆಂದಿರುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಕೊಟ್ಟು, ಮೊದಲು ದಾವೆ ಹೂಡದೆಯೇ ಬ್ಯಾಂಕು ಅದರ ಸ್ವಾಧೀನಕ್ಕೆ ಮುಂದಾಗಬಹುದು. ಕೃಷಿ ಜಮೀನಿಗೆ ಆ ಕಾಯ್ದೆಯಿಂದ ವಿನಾಯಿತಿ ಇದೆಯೆಂದು ನಮ್ಮವರು ಸಮಾಧಾನಪಟ್ಟುಕೊಳ್ಳುವುದುಂಟು. ಆದರೆ ವಸೂಲಿಗೆ ಅದೊಂದೇ ದಾರಿಯಲ್ಲ. ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರನ್ನೂ 2019ರ ಡಿಸೆಂಬರ್‌ನಿಂದ ದಿವಾಳಿ ಸಂಹಿತೆಯ ವ್ಯಾಪ್ತಿಗೆ ತರಲಾಗಿದೆ. ಅದನ್ನು 2021ರ ಮೇ ತಿಂಗಳಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟ್, ದಿವಾಳಿಯಾದ ಕಂಪನಿಯ ಸಾಲ ಇತ್ಯರ್ಥದ ಯೋಜನೆ ಒಪ್ಪಿಗೆಯಾದ ಮಾತ್ರಕ್ಕೆ ಜಾಮೀನುದಾರರು ತಾವಾಗಿ ಬಿಡುಗಡೆಯಾಗುವುದಿಲ್ಲ ಎಂದೂ ಹೇಳಿತು.

ಆ ಮಗನ ಕಂಪನಿ ಮುಂದೆ ಮುಚ್ಚಿತು. ಅದಕ್ಕೂ ಮೊದಲೇ ಅವನು ಭೂಮಿ ಹುಣ್ಣಿಮೆಗೆ ಊರಿಗೆ ಬರುವುದನ್ನು ಬಿಟ್ಟಿದ್ದ, ತಾಯಿಯ ಫೋನು ಎತ್ತುವುದನ್ನೂ ಕಡಿಮೆ ಮಾಡಿದ್ದ. ನೋಟಿಸು ಬಂದಾಗ ತಾಯಿಗೆ ಮೊತ್ತಕ್ಕಿಂತ ಹೆಚ್ಚು ನೋವಾದದ್ದು, ಮಗ ಅಷ್ಟು ಕಾಲ ಒಬ್ಬನೇ ಒದ್ದಾಡಿದನಲ್ಲ ಎಂಬುದಕ್ಕೆ. ಮಂಡಿಯಲ್ಲಿ ಅಡಿಕೆಯ ಧಾರಣೆ ಕುಸಿದಾಗ, ತೋಟಕ್ಕೆ ಕೊಳೆ ಬಂದಾಗ, ಈಚೆಗೆ ಎಲೆಚುಕ್ಕಿ ಹಬ್ಬಿದಾಗ ಊಟಕ್ಕೆ ಕೂತಲ್ಲೇ ನಷ್ಟದ ಲೆಕ್ಕ ಹಾಕಿ ಆ ವರ್ಷದ ಖರ್ಚನ್ನು ಹಿಡಿದ ಮನೆ ಅದು. ಮಗನ ನಷ್ಟವನ್ನೂ ಆ ಮನೆ ಕೇಳಿಸಿಕೊಳ್ಳುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಉದ್ಯಮಕ್ಕೆ ಇಳಿಯಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಲೆನಾಡಿನ ಮಕ್ಕಳು ದೊಡ್ಡದನ್ನು ಕಟ್ಟಬೇಕೆಂಬ ಆಸೆ ನನಗೂ ಇದೆ. ಆದರೆ ಜಾಮೀನಿನ ಕಾಗದವನ್ನು ಮನೆಗೆ ತರುವ ಮೊದಲು ಮೊತ್ತವೆಷ್ಟು, ಈಗಿರುವ ಸಾಲವೆಷ್ಟು, ಕಂತು ತಪ್ಪಿದರೆ ಯಾವ ಆಸ್ತಿಗೆ ಕುತ್ತು ಎಂಬುದನ್ನು ತಾಯಿಗೂ ಹೆಂಡತಿಗೂ ಅವರ ಭಾಷೆಯಲ್ಲಿ ಬಿಡಿಸಿ ಹೇಳಬೇಕು. ಹೊಣೆಯನ್ನು ಇಂತಿಷ್ಟೇ ಮೊತ್ತಕ್ಕೆ ಮಿತಿಗೊಳಿಸಿ ಬರೆದುಕೊಡಿ ಎಂದು ಬ್ಯಾಂಕನ್ನು ಕೇಳಲು ಹಿಂಜರಿಯಬಾರದು. ಸಹಿ ಹಾಕುವವರು ಒಂದು ಪ್ರತಿಯನ್ನು ಕೇಳಿ ಪಡೆದು, ಪರಿಚಯದ ವಕೀಲರಿಗೆ ತೋರಿಸಿ, ಆಮೇಲೆ ಪೆನ್ನು ಹಿಡಿಯಲಿ. ಈಗಾಗಲೇ ಕಂತು ತಪ್ಪಿದವರು ದಯವಿಟ್ಟು ಈ ವಾರವೇ ಮನೆಯವರನ್ನು ಕೂರಿಸಿಕೊಂಡು ಪೂರ್ತಿ ಲೆಕ್ಕ ಹೇಳಿ.