ಕೂದಲಿಗೆ ಅಂತ ವಿಟಮಿನ್ ಎ ನುಂಗುವವರಿಗೆ

ಡಾಕ್ಟರ ಚೀಟಿ ಇಲ್ಲದೆ ಹೆಚ್ಚು ಡೋಸ್‌ನ ವಿಟಮಿನ್ ಎ ಕ್ಯಾಪ್ಸೂಲ್ ಯಾರೂ ಕೊಡಬಾರದು, ಯಾರೂ ತಗೊಳ್ಳಬಾರದು. ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಮೆಡಿಕಲ್‌ನಲ್ಲಿ ಫಾರ್ಮಸಿಸ್ಟ್ ಆಗಿರುವ ನಾನು ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ನಮ್ಮ ಕಡೆ ಬೋರ್‌ವೆಲ್, ಟ್ಯಾಂಕರ್ ನೀರು. ಕೂದಲು ಉದುರುವುದು ಮನೆಮನೆಯ ದೂರು. "ಅಕ್ಕ, ಕೂದಲಿಗೆ, ಸ್ಕಿನ್‌ಗೆ ಒಳ್ಳೆಯ ವಿಟಮಿನ್ ಕೊಡಿ" ಎಂದು ಕೇಳುತ್ತಾರೆ. ಯಾವುದು ಎಂದರೆ ಮೊಬೈಲ್‌ನಲ್ಲಿ ವಿಟಮಿನ್ ಎ ಫೋಟೋ ತೋರಿಸುತ್ತಾರೆ. ಬೇಡ ಎಂದರೆ, "ವಿಟಮಿನ್ ತಾನೇ, ಏನಾಗುತ್ತೆ?" ಅನ್ನುತ್ತಾರೆ.

ಆಗುತ್ತದೆ. ವಿಟಮಿನ್ ಸಿ ಜಾಸ್ತಿಯಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಎ ಕೊಬ್ಬಿನಲ್ಲಿ ಕರಗುವಂಥದ್ದು. ಅದು ಲಿವರ್‌ಗೆ ಹೋಗಿ ಸೇರಿಕೊಳ್ಳುತ್ತದೆ, ಬೇಗ ಖಾಲಿಯಾಗುವುದಿಲ್ಲ. ತಿಂಗಳುಗಟ್ಟಲೆ ಜಾಸ್ತಿ ತಗೊಂಡರೆ ತುಟಿ ಒಡೆಯುತ್ತದೆ, ಚರ್ಮ ಒಣಗುತ್ತದೆ, ಮೂಳೆ ನೋಯುತ್ತದೆ, ತಲೆನೋವು, ವಾಂತಿ ಬರುತ್ತದೆ. ಕೂದಲೂ ಉದುರುತ್ತದೆ! ಯಾವುದಕ್ಕೆ ಮದ್ದು ಅಂತ ನುಂಗಿದರೋ ಅದೇ ಹೆಚ್ಚಾಗುತ್ತದೆ, ಆಗ ಇನ್ನೊಂದು ಸ್ಟ್ರಿಪ್ ತರುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದರೆ ಲಿವರ್ ಗಟ್ಟಿಯಾಗಿ ಸಿರೋಸಿಸ್‌ವರೆಗೂ ಹೋಗಬಹುದು.

ಲೆಕ್ಕ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ದಿನಕ್ಕೆ ಗಂಡಸಿಗೆ ವಿಟಮಿನ್ ಎ 1,000 ಮೈಕ್ರೋಗ್ರಾಂ, ಹೆಂಗಸಿಗೆ 840 ಸಾಕು. ದೊಡ್ಡವರು ದಿನಾ ಮೀರಬಾರದ ಮಿತಿ 3,000 ಮೈಕ್ರೋಗ್ರಾಂ, ಅಂದರೆ ಸ್ಟ್ರಿಪ್ ಮೇಲಿನ ಭಾಷೆಯಲ್ಲಿ 10,000 ಐಯು. ಅಂಗಡಿಯಲ್ಲಿ ಸಿಗುವ ಕ್ಯಾಪ್ಸೂಲ್‌ಗಳಲ್ಲಿ 25,000 ಐಯು, 50,000 ಐಯು ಇರುವಂಥವೂ ಇವೆ. ಕೊರತೆ ಇರುವವರಿಗೆ ಡಾಕ್ಟರು ನೋಡಿ ಕೊಡುವ ಔಷಧಿ ಅದು. ಅದರ ಜೊತೆ ಮಲ್ಟಿವಿಟಮಿನ್, ಕಾಡ್ ಲಿವರ್ ಆಯಿಲ್ ಬೇರೆ ನಡೆಯುತ್ತಿರುತ್ತದೆ. ಎಲ್ಲದರಲ್ಲೂ ಎ ಇದೆ ಅಂತ ಕೂಡಿಸಿ ನೋಡುವವರು ಯಾರು?

ಸೊಪ್ಪು ತರಕಾರಿಗೆ ಹೆದರಬೇಡಿ. ನುಗ್ಗೆ ಸೊಪ್ಪು, ಬಸಳೆ, ಪಪ್ಪಾಯಿ, ಕ್ಯಾರೆಟ್‌ನಲ್ಲಿ ಇರುವುದು ಬೀಟಾ ಕ್ಯಾರೋಟಿನ್. ದೇಹ ಅದನ್ನು ಬೇಕಾದಷ್ಟೇ ಎ ಆಗಿ ಬದಲಾಯಿಸಿಕೊಳ್ಳುತ್ತದೆ. ತೀರಾ ಜಾಸ್ತಿ ತಿಂದರೆ ಅಂಗೈ ಹಳದಿಯಾಗಬಹುದು, ಕಡಿಮೆ ಮಾಡಿದರೆ ಹೋಗುತ್ತದೆ. ಆದರೆ ಸಿಗರೇಟ್ ಸೇದುವವರು ಬೀಟಾ ಕ್ಯಾರೋಟಿನ್ ಮಾತ್ರೆ ಮುಟ್ಟಬಾರದು. ಫಿನ್ಲೆಂಡ್‌ನಲ್ಲಿ ಸೇದುವ ಗಂಡಸರಿಗೆ ದಿನಾ ಅದನ್ನು ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. 1994ರಲ್ಲೇ ಅದು ಪ್ರಕಟವಾಗಿದೆ.

ನನಗೆ ನಿಜವಾಗಿ ಸಂಕಟ ಆಗುವುದು ಬಸುರಿಯರ ವಿಷಯದಲ್ಲಿ. ರಕ್ತ ಆಗಲಿ ಅಂತ ಪ್ರೀತಿಯಿಂದಲೇ ವಾರ ವಾರ ಕಲೇಜಿ (ಕುರಿಯ ಲಿವರ್) ಫ್ರೈ ಮಾಡಿ ತಿನ್ನಿಸುವ ಅತ್ತೆಯಂದಿರು ನಮ್ಮಲ್ಲಿದ್ದಾರೆ. 100 ಗ್ರಾಂ ಕುರಿಯ ಕಲೇಜಿಯಲ್ಲಿ 6,000 ಮೈಕ್ರೋಗ್ರಾಂಗಿಂತ ಹೆಚ್ಚು ಎ ಇರುತ್ತದೆ, ಅದೂ ನೇರವಾಗಿ ರೆಟಿನಾಲ್ ರೂಪದಲ್ಲಿ, ಅಂದರೆ ದೇಹ ಬದಲಾಯಿಸಿಕೊಳ್ಳಬೇಕಿಲ್ಲದ ಸಿದ್ಧ ವಿಟಮಿನ್ ಎ. ಮೊದಲ ಕೆಲವು ವಾರಗಳಲ್ಲಿ ಇದು ಅತಿಯಾದರೆ ಮಗುವಿನ ಮುಖ, ಹೃದಯ, ಮೆದುಳು ಬೆಳೆಯುವ ರೀತಿಯೇ ತಪ್ಪಬಹುದು. ಎಷ್ಟೋ ಜನರಿಗೆ ತಾವು ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಆ ವಾರಗಳು ಕಳೆದಿರುತ್ತವೆ. ರಕ್ತಕ್ಕೆ ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ಇದೆಯಲ್ಲ, ಅದನ್ನು ತಪ್ಪದೆ ಕೊಡಿ ಅತ್ತೆ.

ಇದಕ್ಕಿಂತ ದೊಡ್ಡ ಭಯ ಮೊಡವೆಯ ಐಸೋಟ್ರೆಟಿನಾಯಿನ್. ಅದು ವಿಟಮಿನ್ ಎಯಿಂದಲೇ ಬಂದ ಔಷಧಿ. ಗರ್ಭಕ್ಕೆ ತುಂಬಾ ಅಪಾಯ. ನಿಲ್ಲಿಸಿದ ಮೇಲೂ ಒಂದು ತಿಂಗಳು ಬಸುರಾಗಬಾರದು. ಪಿಜಿಯಲ್ಲಿರುವ ಹುಡುಗಿಯರು ಒಬ್ಬಳ ಚೀಟಿಯಲ್ಲಿ ತಂದದ್ದನ್ನು ಮೂವರು ಹಂಚಿಕೊಳ್ಳುತ್ತಾರೆ. ದಯವಿಟ್ಟು ಬೇಡ ಕಣ್ರಮ್ಮಾ. ಅದರ ಜೊತೆ ವಿಟಮಿನ್ ಎ ಬೇಡವೇ ಬೇಡ. ಮೊಡವೆಗೇ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಅದರ ಜೊತೆ ಬೇಡ, ತಲೆಯೊಳಗಿನ ಒತ್ತಡ ಏರಿ ಕಣ್ಣಿಗೇ ಕುತ್ತು ಬರಬಹುದು.

ಇದನ್ನು ಓದಿ ಮಕ್ಕಳಿಗೆ ಸರ್ಕಾರ ಕೊಡುವ ವಿಟಮಿನ್ ಎ ಹನಿ ನಿಲ್ಲಿಸಬೇಡಿ. 9 ತಿಂಗಳಿಗೆ 1 ಲಕ್ಷ ಐಯು, ಆಮೇಲೆ 5 ವರ್ಷದವರೆಗೆ 6 ತಿಂಗಳಿಗೊಮ್ಮೆ 2 ಲಕ್ಷ. ಕುರುಡುತನ ತಡೆಯಲು 1970ರಿಂದ ನಡೆದು ಬಂದಿರುವ ಕಾರ್ಯಕ್ರಮ ಅದು, ಅಂತರ ಲೆಕ್ಕ ಹಾಕಿಯೇ ಕೊಡುತ್ತಾರೆ. ಅದರ ಮೇಲೆ ಮನೆಯಲ್ಲಿ ಇನ್ನಷ್ಟು ಕೊಡುವುದು ತಪ್ಪು. 2025ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ದಡಾರ ಹಬ್ಬಿದಾಗ ಆಸ್ಪತ್ರೆಗೆ ಬಂದ ಕೆಲವು ಮಕ್ಕಳ ಲಿವರ್ ಏರುಪೇರಾಗಿತ್ತು, ವಿಟಮಿನ್ ಎ ಅತಿಯಾಗಿ.

ಮೆಡಿಕಲ್ ಇಟ್ಟುಕೊಂಡಿರುವ ನಮ್ಮವರು ಎಷ್ಟೋ ಮಂದಿ ಇದನ್ನು ಓದುತ್ತೀರಿ. ಕೊಡುವ ಮೊದಲು ಎರಡು ಮಾತು ಕೇಳಿ: ಬೇರೆ ಏನು ತಗೊಳ್ಳುತ್ತಿದ್ದೀರಿ, ಬಸುರಿಯಾಗುವ ಸಾಧ್ಯತೆ ಇದೆಯೇ. ಮನೆಯಲ್ಲಿ ಯಾರಾದರೂ ತಿಂಗಳುಗಳಿಂದ ಇಂಥ ಕ್ಯಾಪ್ಸೂಲ್ ನುಂಗುತ್ತಿದ್ದು ತಲೆನೋವು, ಕಣ್ಣು ಮಂಜು ಅನ್ನುತ್ತಿದ್ದರೆ ಇವತ್ತೇ ನಿಲ್ಲಿಸಿ. ಸ್ಟ್ರಿಪ್ ಎಲ್ಲ ಚೀಲಕ್ಕೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ, ಲಿವರ್ ಟೆಸ್ಟ್ ಬೇಕೇ ಅಂತ ಕೇಳಿ.